ಹಲಸಿನ ಬಾಗಿಲಿಗೆ ಬಳಿದ ಹಸಿರು

ಮಾರಿಕುಪ್ಪಂನ ನಮ್ಮ ಮನೆಯ ಹಲಸಿನ ಬಾಗಿಲನ್ನು ಮೂರು ಭಾನುವಾರ ಉಪ್ಪುಕಾಗದದಿಂದ ಉಜ್ಜಿ, ಹಳೆಯ ಬಣ್ಣವನ್ನೆಲ್ಲ ತೆಗೆದಿದ್ದೆ. ಒಳಗಿನ ಹಳದಿ ಮರ ಚೆಂದ ಕಾಣುತ್ತಿತ್ತು. ಪಾಲಿಶ್ ತರಲು ಬಂಗಾರಪೇಟೆಗೆ ಹೋಗಿ ರೈಲಿನಲ್ಲಿ ಮರಳುವಷ್ಟರಲ್ಲಿ ಅಣ್ಣ ಅದಕ್ಕೆ ದಪ್ಪಗೆ ಹಸಿರು ಪೇಂಟ್ ಬಳಿದುಬಿಟ್ಟಿದ್ದ.

"ಯಾರನ್ನ ಕೇಳಿ ಪೇಂಟ್ ಒಡ್ದೆ?" ಎಂದೆ.

"ಎಂಗಸು ಬೀದೀಲಿ ಕೂತು ಬಾಗ್ಲು ಉಜ್ಜಿದ್ರೆ ಜನ ನಗಲ್ವಾ? ಅದಕ್ಕೇ ನಾನೇ ಮುಗಿಸ್ದೆ."

ನನ್ನ ಮೈಯೆಲ್ಲ ಉರಿದುಹೋಯಿತು. ಬಣ್ಣ ಇನ್ನೂ ಹಸಿಯಾಗಿತ್ತು. ಟರ್ಪಂಟೈನ್‌ನಲ್ಲಿ ಬಟ್ಟೆ ಅದ್ದಿ, ಬೀದಿಯವರೆಲ್ಲ ನೋಡುತ್ತಿದ್ದಂತೆಯೇ ಒರೆಸತೊಡಗಿದೆ. "ಬಿಡು, ಮಾನ ಕಳೀಬೇಡ" ಎಂದು ಅಣ್ಣ ಕೈ ಹಿಡಿದ. ಕೊಡವಿಕೊಂಡೆ.

ಸಂಜೆಗೆ ಬಣ್ಣ ಬಹುತೇಕ ಹೋಯಿತು. ಮರದ ಗೆರೆಗಳಲ್ಲಿ ಇಳಿದ ಹಸಿರು ಹೋಗಲಿಲ್ಲ. ಅದರ ಮೇಲೆಯೇ ಪಾಲಿಶ್ ಹಾಕಿದೆ. ಅಣ್ಣ ಇವತ್ತಿಗೂ ತಪ್ಪಾಯಿತೆಂದಿಲ್ಲ, ನಾನೂ ಸಿಟ್ಟು ಬಿಟ್ಟಿಲ್ಲ.