ಮಡಿವಾಳೆಪ್ಪ ಹೊಡೆಯದ ಗಾಡಿ

ಬೈಲಹೊಂಗಲದಿಂದ ಸಂಗೊಳ್ಳಿಗೆ ಹೋಗುವ ಬಸ್ಸಿನಲ್ಲಿ ಹದಿನಾರು ವರ್ಷ ಟಿಕೆಟ್ ಹರಿದವನು ನಾನು. ಡ್ರೈವರ್ ಸೀಟಿನಲ್ಲಿ ಇರುತ್ತಿದ್ದವನು ಮಡಿವಾಳೆಪ್ಪ. ಅವನಷ್ಟು ನಿಧಾನಸ್ಥನನ್ನು ನಾನು ಬೇರೆ ಕಂಡಿಲ್ಲ. ಕಬ್ಬು ಇಳಿಸಿ ಖಾಲಿ ಬರುತ್ತಿದ್ದ ಟ್ರ್ಯಾಕ್ಟರುಗಳೂ ನಮ್ಮನ್ನು ದಾಟಿ ಹೋಗುತ್ತಿದ್ದವು. "ಸಂಗೊಳ್ಳಿ ಇವತ್ತ ಮುಟ್ಟತೇವೋ, ನಾಳಿಗೋ?" ಎಂದು ನಾನು ಕಾಡಿದರೆ, "ಊರು ಎಲ್ಲೂ ಓಡಿ ಹೋಗಂಗಿಲ್ಲಲೇ ಮಲಕಾಜ್ಯಾ, ಅಲ್ಲೇ ಇರತೈತಿ" ಎನ್ನುತ್ತಿದ್ದ.

ಡ್ಯೂಟಿ ಶುರುವಾಗುವ ಮೊದಲು ತನ್ನ ಮೊಬೈಲನ್ನು ನನ್ನ ಟಿಕೆಟ್ ಚೀಲಕ್ಕೆ ಹಾಕಿಬಿಡುತ್ತಿದ್ದ. ಅವನ ಹೆಂಡತಿ ಸೀತವ್ವ ಫೋನ್ ಮಾಡಿದರೆ, ಸಂಜೆಗೆ ಏನು ಪಲ್ಲೆ ತರಬೇಕೆಂದು ಕೇಳಿಕೊಳ್ಳಬೇಕಾದವನು ನಾನು. ಸಂಗೊಳ್ಳಿಯ ಇಂದ್ರವ್ವ ಸಂತೆಗೆ ಮೆಣಸಿನಕಾಯಿ ಬುಟ್ಟಿ ಹೊತ್ತು ಬರುತ್ತಿದ್ದಳು. ನಾನು ಎರಡು ಸಲ ರೈಟ್ ಅಂದರೂ ಈ ಮಹಾರಾಯ ಕನ್ನಡಿಯಲ್ಲಿ ನೋಡುತ್ತಾ, "ಅವ್ವ ಇನ್ನೂ ಕುಂತಿಲ್ಲ" ಎಂದು ಸುಮ್ಮನಿರುತ್ತಿದ್ದ. ಮೂವತ್ತೊಂದು ವರ್ಷದ ಸರ್ವಿಸಿನಲ್ಲಿ ಒಂದು ನಾಯಿಗೂ ಗಾಯ ಮಾಡಿದವನಲ್ಲ. ಅದಕ್ಕೆ ಸಿಕ್ಕ ಬೆಳ್ಳಿ ಪದಕವನ್ನು ಮನೆಯಲ್ಲಿ ಗಡಿಯಾರದ ಪಕ್ಕ ನೇತುಹಾಕಿದ್ದ. ಹೋದವರಿಗೆಲ್ಲ ತೋರಿಸಿ ತಲೆ ತಿನ್ನುತ್ತಿದ್ದ.

ಅವನಿಗೆ ಮಕ್ಕಳಿಲ್ಲ. ತಮ್ಮ ಗುರುನಾಥನ ಮಗ ಸಂಜು ಅವನ ತೊಡೆಯ ಮೇಲೆಯೇ ಬೆಳೆದವನು. ಎಲ್ಲರದೂ ಒಂದೇ ಮನೆ. ಗುರುನಾಥ ದಲಾಲಿ ಅಂಗಡಿಯಲ್ಲಿ ಚೆನ್ನಾಗಿ ಗಳಿಸಿ ಕಾರು ಕೊಂಡ. ಇಪ್ಪತ್ತಮೂರರ ಸಂಜು ಲೈಸೆನ್ಸ್ ಇಲ್ಲದೆಯೇ ಅದನ್ನು ಓಡಿಸುತ್ತಿದ್ದ. ನಿವೃತ್ತನಾಗಿ ಮನೆಯಲ್ಲಿದ್ದ ಮಡಿವಾಳೆಪ್ಪ ದಿನಾ ಬಯ್ಯುತ್ತಿದ್ದ. "ಮುಂದಿನ ವಾರ ಮಾಡಸ್ತೇನಿ ದೊಡ್ಡಪ್ಪಾ" ಎಂದು ಅವನು ನಗುತ್ತಿದ್ದ. ಬಯ್ಯುವುದನ್ನು ಬಿಟ್ಟು ಕೀಲಿ ಕಸಿದುಕೊಳ್ಳಬೇಕಿತ್ತು. ಅದೊಂದು ಅವನಿಂದ ಆಗಲಿಲ್ಲ.

ಹೋದ ಚಳಿಗಾಲದ ಒಂದು ಸಂಜೆ ಅವರೆಲ್ಲ ನೆಂಟರ ಮನೆಗೆಂದು ಸಂಗೊಳ್ಳಿಗೆ ಹೊರಟಿದ್ದರು. ಸಂಜು ಗಾಡಿ ಹೊಡೆಯುತ್ತಿದ್ದ, ಪಕ್ಕದಲ್ಲಿ ಗುರುನಾಥ, ಹಿಂದೆ ಮಡಿವಾಳೆಪ್ಪ ಮತ್ತು ಸೀತವ್ವ. ಊರು ಹತ್ತಿರ ಬಂದಾಗ ಸಂಜುವಿನ ಫೋನ್ ಬಡಿಯಿತು. ಅವನು ತಲೆ ಬಗ್ಗಿಸಿ ಅದನ್ನು ನೋಡಿದ. "ಮುಂದ ನೋಡಲೇ!" ಎಂದು ಮಡಿವಾಳೆಪ್ಪ ಚೀರುವಷ್ಟರಲ್ಲಿ ಕಾರು ಡಾಂಬರು ಬಿಟ್ಟು ಕೆಳಗಿಳಿದು, ಅಂಚಿನಲ್ಲಿ ನಡೆದು ಹೋಗುತ್ತಿದ್ದ ಹುಡುಗಿಗೆ ಬಡಿಯಿತು. ಅವಳು ಇಂದ್ರವ್ವನ ಒಬ್ಬಳೇ ಮಗಳು ಶೈಲಜಾ. ಬೈಲಹೊಂಗಲದ ಔಷಧಿ ಅಂಗಡಿಯಲ್ಲಿ ಕೆಲಸ ಮುಗಿಸಿ, ಬಸ್ಸಿಳಿದು ಮನೆಗೆ ಹೊರಟಿದ್ದಳು. ಅದೇ ಕಾರಿನಲ್ಲಿ ಅವಳನ್ನು ದವಾಖಾನೆಗೆ ತಂದರು. ದಾರಿಯಲ್ಲೇ, ಮಡಿವಾಳೆಪ್ಪನ ತೊಡೆಯ ಮೇಲೆ, ಅವಳ ಜೀವ ಹೋಯಿತು.

ದವಾಖಾನೆಯ ಪಡಸಾಲೆಯಲ್ಲಿ ಗುರುನಾಥ ಅಣ್ಣನ ಕಾಲು ಹಿಡಿದ. "ಯಣ್ಣಾ, ನಿನಗ ಲೈಸೆನ್ಸ್ ಐತಿ. ಅಂವಗ ಲೈನ್‌ಮನ್ ನೌಕರಿ ಆರ್ಡರ್ ಬರೂದೈತಿ. ಕೇಸ್ ಬಿದ್ರ ಅಂವನ ಜೀವನಾನ ಹಾಳ ಆಗತೈತಿ. ಗಾಡಿ ನೀನ ಹೊಡ್ಯಾಕ ಹತ್ತಿದ್ದಿ ಅಂತ ಹೇಳಿಬಿಡು."

ಲೈಸೆನ್ಸ್ ಇಲ್ಲದವನ ಕೈಯಲ್ಲಿ ಗಾಡಿ ಇತ್ತೆಂದರೆ ಹೊಡೆದವನಿಗೂ ದಂಡ, ಕೀಲಿ ಕೊಟ್ಟ ಮಾಲೀಕನಿಗೂ ದಂಡ, ವಿಮೆಯವರದು ಬೇರೆ ತಕರಾರು. ಇದನ್ನೆಲ್ಲ ಮಡಿವಾಳೆಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಅವನು ಅದನ್ನು ಯೋಚಿಸಲಿಲ್ಲ. ಗೋಡೆಗೆ ಆತು ನಡುಗುತ್ತಿದ್ದ ಸಂಜುವನ್ನೊಮ್ಮೆ ನೋಡಿದ. ಪೊಲೀಸರ ಬಳಿ ಹೋಗಿ, ಹೊಡೆದವನು ನಾನೇ ಎಂದ.

ಮರುದಿನ ನನ್ನೊಬ್ಬನ ಹತ್ತಿರ ನಿಜ ಹೇಳಿ ಅತ್ತ. "ಛಲೋ ಮಾಡಿದಿ ಬಿಡು, ಹುಡುಗ ಉಳಕೊಂಡ" ಎಂದೆ ನಾನು. ಆ ಮಾತು ಆಡಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಅವನ ಲೈಸೆನ್ಸ್ ಅಮಾನತಾಯಿತು. ಪದಕವನ್ನು ಅವನು ಟ್ರಂಕಿನ ತಳಕ್ಕೆ ಹಾಕಿದ. ಗೋಡೆಯ ಮೇಲೆ ಬರೀ ಮೊಳೆ ಉಳಿಯಿತು.

ನಾಲ್ಕು ತಿಂಗಳ ನಂತರ ಬೈಲಹೊಂಗಲದ ಕೋರ್ಟಿನಲ್ಲಿ ಮೊದಲ ತಾರೀಕು. ಗುರುನಾಥ ಮತ್ತು ಅವನು ಹಿಡಿದಿದ್ದ ವಕೀಲನ ಜೊತೆಗೆ ನಾನೂ ಹೋಗಿದ್ದೆ. ವರಾಂಡದಲ್ಲಿ ಇಂದ್ರವ್ವ ಕೂತಿದ್ದಳು. ನಮ್ಮನ್ನು ಕಂಡು ಎದ್ದು ಬಂದಳು. ಶಾಪ ಹಾಕುತ್ತಾಳೆ ಎಂದುಕೊಂಡೆ. ಹಾಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಡ್ರೈವರಣ್ಣಾರ, ಭಾಳ ಸೊರಗೀರಲ್ರಿ" ಎಂದಳು. "ನಿಮ್ಮ ಬಸ್ಸಿನ್ಯಾಗ ಎಷ್ಟ ವರ್ಷ ಅಡ್ಡಾಡೇನಿ. ನೀವು ಎಂಥಾವ್ರು ಅಂತ ನನಗ ಗೊತ್ತೈತ್ರಿ. ಗಾಡಿ ಹೊಡದಾವ್ರು ನೀವು ಅಂದಮ್ಯಾಲೆ ತಪ್ಪು ನನ್ನ ಮಗಳದ ಇರಬೇಕು. ನಡುರಸ್ತೇಕ ಬಂದಿರಬೇಕ ಅಕಿ. ಸಾಹೇಬ್ರ ಮುಂದೂ ಹಂಗ ಹೇಳತೇನ್ರಿ. ನೀವು ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ."

ಗುರುನಾಥ ವಕೀಲನ ಮುಖ ನೋಡಿದ. ವಕೀಲ ಸಣ್ಣಗೆ ತಲೆಯಾಡಿಸಿದ. ಕೇಸು ಬಿದ್ದುಹೋಗುತ್ತದೆ ಎಂದು ಇಬ್ಬರಿಗೂ ಒಳಗೊಳಗೇ ಖುಷಿ. ಅವರ ಆ ಮುಖ ನೋಡಿ ನನ್ನ ಕೈ ತುರಿಸಿತು. ಮಡಿವಾಳೆಪ್ಪ ಮಾತ್ರ ಅವಳನ್ನೇ ನೋಡುತ್ತಾ ನಿಂತಿದ್ದ.

ಒಳಗೆ ಅವನ ಹೆಸರು ಕೂಗಿದರು. ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ನ್ಯಾಯಾಧೀಶರು ಕೇಳಿದರು. ಇಲ್ಲ ಎಂದಷ್ಟೇ ಹೇಳಬೇಕೆಂದು ವಕೀಲ ಕಲಿಸಿದ್ದ. ಮಡಿವಾಳೆಪ್ಪ ಕೈಮುಗಿದ. "ಸಾಹೇಬ್ರ, ಪೊಲೀಸರಿಗೆ ನಾ ಸುಳ್ಳ ಹೇಳೇನ್ರಿ. ಗಾಡಿ ನಾ ಹೊಡದಿಲ್ರಿ. ನನ್ನ ತಮ್ಮನ ಮಗ ಹೊಡದಾನ. ಆ ಹುಡುಗೀದು ಒಂದೀಟೂ ತಪ್ಪಿರಲಿಲ್ಲ."

ಆಮೇಲೆ ಆಗಬೇಕಾದದ್ದು ಆಯಿತು. ಮತ್ತೆ ತನಿಖೆ ನಡೆದು ಸಂಜುವಿನ ಮೇಲೆ ಕೇಸಾಯಿತು, ಕಾರು ಕೊಟ್ಟದ್ದಕ್ಕೆ ಗುರುನಾಥನ ಮೇಲೆ, ಸುಳ್ಳು ಹೇಳಿದ್ದಕ್ಕೆ ಮಡಿವಾಳೆಪ್ಪನ ಮೇಲೂ. ಲೈನ್‌ಮನ್ ಆರ್ಡರ್ ಬರಲಿಲ್ಲ. ಮಡಿವಾಳೆಪ್ಪ, ಸೀತವ್ವ ಆ ಮನೆ ಬಿಟ್ಟು ಈಗ ಬಾಡಿಗೆ ಕೋಣೆಯಲ್ಲಿದ್ದಾರೆ. ಸಂಜು ದಾರಿಯಲ್ಲಿ ಎದುರಾದರೂ ಮುಖ ತಿರುಗಿಸುತ್ತಾನೆ. ಎತ್ತಿ ಆಡಿಸಿದ ಕೂಸು. ಮಡಿವಾಳೆಪ್ಪ ಅವನು ಹೋದ ದಿಕ್ಕನ್ನೇ ನೋಡುತ್ತಾ ನಿಲ್ಲುತ್ತಾನೆ.

ಆದರೆ ನನ್ನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಕೂತಿರುವುದು ಇದಲ್ಲ. ಆ ದಿನ ಕೋರ್ಟಿನಿಂದ ಹೊರಬಂದವನೇ ಮಡಿವಾಳೆಪ್ಪ ಇಂದ್ರವ್ವನ ಮುಂದೆ ನೆಲಕ್ಕೆ ಕೂತು ಎಲ್ಲವನ್ನೂ ಹೇಳಿದ. ಅವಳು ಬಯ್ಯಲಿಲ್ಲ. ಒಂದೇ ಒಂದು ಮಾತು ಕೇಳಿದಳು.

"ಹಂಗಾದ್ರ ಶೈಲಾ ನಡುರಸ್ತೇಕ ಬಂದಿರಲಿಲ್ಲೇನ್ರಿ?"

"ಇಲ್ಲಬೇ ಯವ್ವಾ. ಡಾಂಬರ ಬಿಟ್ಟು, ಕೆಳಗ ಮಣ್ಣಿನ ಮ್ಯಾಲೆ ನಡದಿದ್ಲು. ನನ್ನ ಕಣ್ಣೀಲೆ ನೋಡೇನಿ."

ಇಂದ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಾಲ್ಕ ತಿಂಗಳಾತ್ರಿ ಅಣ್ಣಾರ, ದಿನಾ ದೀಪ ಹಚ್ಚಿ ಅಕಿ ಫೋಟೋದ ಮುಂದ ಕುಂತು ಬೈಯಾಕ ಹತ್ತೇನಿ. ನೋಡಿ ನಡ್ಯಾಕ ನಿನಗೇನಾಗಿತ್ತಬೇ ಅಂತ. ಇವತ್ತ ಹೋಗಿ ಅಕಿಗೆ ಏನಂತ ಹೇಳ್ಲಿ?"