ಈಗ ಯಾವ ಮನೆಯಲ್ಲಿದ್ದೀರಿ?

ಎಂಬತ್ತರ ದಶಕದ ನಡುವಿನಲ್ಲಿ ನಾನು ಉಡುಪಿಯ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಗುಮಾಸ್ತೆಯಾಗಿದ್ದೆ. ಆಸ್ಪತ್ರೆಗೆ ಕಂಪ್ಯೂಟರ್ ತರಿಸುವ ಮಾತು ಎದ್ದಿತು. ಯಾರಾದರೊಬ್ಬರು ಮಣಿಪಾಲದ ಸಂಜೆ ತರಗತಿಗೆ ಹೋಗಿ ಕಲಿತು ಬರಬೇಕಂತೆ. ವಿಭಾಗದ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಕೋಪ ಮೂಗಿನ ತುದಿಯಲ್ಲೇ. “ನೀವು ನೋಡ್ತಾ ಇರಿ, ನಾನು ಹೋಗ್ತೇನೆ” ಎಂದುಬಿಟ್ಟೆ.

“ಎಂತ ಮಾರಾಯ್ತಿ, ಇನ್ನು ನಮ್ಮನ್ನೆಲ್ಲ ಪೆಟ್ಟಿಗೆಯೊಳಗೆ ತುಂಬಿಸ್ತೀಯಾ?” ಎಂದು ಪಕ್ಕದ ಮೇಜಿನವರು ಕೀಟಲೆ ಮಾಡಿದರು.

“ಮೊದಲು ನಿಮ್ಮನ್ನೇ” ಎಂದೆ.

ತರಗತಿಯಲ್ಲಿ ಕಂಪ್ಯೂಟರಿನ ಮುಖ ನೋಡುವುದೇ ಅಪರೂಪ. ಮೈಸೂರು ಕಡೆಯಿಂದ ಬಂದ ಮೇಷ್ಟ್ರು ನಮ್ಮ ಕೈಗೆ ಪೆನ್ಸಿಲು, ಚಾರ್ಟ್ ಪೇಪರು ಕೊಟ್ಟು ಕೂರಿಸುತ್ತಿದ್ದರು. ಯಂತ್ರ ಆಮೇಲೆ, ಮೊದಲು ಯೋಚನೆ ಎನ್ನುವುದು ಅವರ ಪಾಠ. ಒಂದೊಂದು ಬಗೆಯ ಸಂಗತಿಗೆ ಒಂದೊಂದು ಟೇಬಲ್, ಅಂದರೆ ಅಡ್ಡ ಉದ್ದ ಗೆರೆ ಎಳೆದ ಕೋಷ್ಟಕ. ಪ್ರತಿ ಸಾಲನ್ನೂ ಗುರುತಿಸಲು ಒಂದು ಸಂಖ್ಯೆ. ಒಂದೇ ವಿಷಯವನ್ನು ಎರಡು ಕಡೆ ಬರೆಯುವಂತಿಲ್ಲ. ಕೇಳಲು ಎಷ್ಟು ಸುಲಭ! ಗೆರೆ ಎಳೆಯಲು ಕೂತರೆ ತಲೆ ಧಿಮ್ಮೆನ್ನುತ್ತಿತ್ತು.

ನನ್ನ ಮೊದಲ ಚಿತ್ರ ನಮ್ಮ ಆಸ್ಪತ್ರೆಯದ್ದೇ. ‘ರೋಗಿ’ ಎಂಬ ಟೇಬಲ್. ಅದರಲ್ಲಿ ನಂಬರು, ಹೆಸರು, ಹುಟ್ಟಿದ ದಿನ, ವಿಳಾಸ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದರು. ತರಗತಿ ಮುಗಿಸಿ ನಮ್ಮೂರು ಅಲೆವೂರಿಗೆ ಹೋಗುವ ಬಸ್ಸಿನಲ್ಲಿ ಆ ಚಾರ್ಟನ್ನು ಸುತ್ತಿ ಎದೆಗೊತ್ತಿ ಹಿಡಿದುಕೊಂಡು ನಿಂತಿದ್ದೆ. “ಅದು ಎಂತ, ಕ್ಯಾಲೆಂಡರಾ?” ಎಂದು ಕಂಡಕ್ಟರ್ ಕೇಳಿದ. “ಆಸ್ಪತ್ರೆ” ಎಂದೆ. ಪಾಪ, ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಎಲುಬಿನ ಡಾಕ್ಟರು ನಮ್ಮ ವಿಭಾಗಕ್ಕೆ ಇಳಿದು ಬಂದರು. ಕಾಪುವಿನ ಒಬ್ಬ ಬ್ಯಾರಿ ಮುಸ್ಲಿಂ ಹುಡುಗಿಯ ಚೊಚ್ಚಲ ಹೆಣ್ಣು ಮಗುವಿಗೆ ಹುಟ್ಟುವಾಗಲೇ ಬಲಪಾದ ಒಳಕ್ಕೆ ತಿರುಗಿತ್ತು. ವಾರ ವಾರ ಪ್ಲಾಸ್ಟರ್ ಹಾಕಿ ಡಾಕ್ಟರು ಅದನ್ನು ನೇರಕ್ಕೆ ತಂದಿದ್ದರು. ಇನ್ನು ವಿಶೇಷವಾದ ಬೂಟು ತೊಡಿಸಬೇಕು. ಅದು ತಯಾರಾದ ಕೂಡಲೇ ಕಾರ್ಡು ಹಾಕುತ್ತೇವೆ ಎಂದು ತಾಯಿಗೆ ಹೇಳಿ ಕಳುಹಿಸಲಾಗಿತ್ತು. ಬೂಟು ತಯಾರಾಯಿತು. ಕಾರ್ಡು ಬರೆಯುವುದು ನನ್ನ ಕೆಲಸ, ದಾಖಲೆಯಲ್ಲಿದ್ದ ಕಾಪುವಿನ ವಿಳಾಸಕ್ಕೆ ಬರೆದೆ. ಯಾರೂ ಬರಲಿಲ್ಲ. ಮತ್ತೊಂದು ಬರೆದೆ. ಅದಕ್ಕೂ ಇಲ್ಲ.

“ಹೀಗೇ ಬಿಟ್ಟರೆ ಪಾದ ವಾಪಸು ತಿರುಗ್ತದೆ. ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಮಗು ಜೀವನವಿಡೀ ಕುಂಟಬೇಕು” ಎಂದರು ಡಾಕ್ಟರು. ಆ ತಾಯಿಗೆ ಜವಾಬ್ದಾರಿ ಇಲ್ಲವೆಂದು ಸಿಟ್ಟಾಗಿದ್ದರು. ನನಗೂ ಸಿಟ್ಟು ಬಂತು. ಭಾನುವಾರ ಕಾಪುವಿನ ಬಸ್ಸು ಹತ್ತಿದ್ದು ಆಕೆಗೆ ನಾಲ್ಕು ಮಾತು ಬೈದು ಬರುತ್ತೇನೆಂದೇ.

ಮನೆಯಲ್ಲಿ ಆ ಹುಡುಗಿಯ ತಾಯಿ ಒಬ್ಬರೇ ಇದ್ದರು. ತುಳುವಿನಲ್ಲೇ ಮಾತಾಡಿದರು, ಕೂರಿಸಿ ಚಹಾ ಕೊಟ್ಟರು. ಆಸ್ಪತ್ರೆಯಿಂದ ಬಂದೆ ಎಂದ ಕೂಡಲೇ ಒಳಗೆ ಹೋಗಿ ನನ್ನ ಎರಡೂ ಕಾರ್ಡುಗಳನ್ನು ತಂದು ತೋರಿಸಿದರು. ಒಂದು ಮಡಿಕೆಯೂ ಬಿದ್ದಿರಲಿಲ್ಲ.

“ನನಗೆ ಓದ್ಲಿಕ್ಕೆ ಬರೂದಿಲ್ಲ ಮಗಾ. ಮಗಳಿಗೆ ಬಂದದ್ದು ಅಂತ ಪೋಸ್ಟಿನವ ಹೇಳಿದ. ಅವಳು ಬಂದಾಗ ಕೊಡುವ ಅಂತ ಜಾಗ್ರತೆ ಮಾಡಿ ಇಟ್ಟಿದ್ದೇನೆ.”

“ಅವಳು ಈ ಮನೆಯಲ್ಲಿ ಇಲ್ವಾ ಉಮ್ಮ?”

“ಇಲ್ಲಿಗೆ ಹೆರಿಗೆಗೆ ಬಂದದ್ದಲ್ವಾ? ಆಮೇಲೆ ಮಲ್ಪೆಗೆ ಹೋದಳು, ಗಂಡನ ಮನೆಗೆ. ಅವ ಗಲ್ಫಿಗೆ ವಾಪಸು ಹೋದ. ಈಗ ಕುಕ್ಕುಂದೂರಿನಲ್ಲಿ ಅಕ್ಕನಿಗೆ ಸೌಖ್ಯ ಇಲ್ಲ ಅಂತ ಅಲ್ಲಿ ಇದ್ದಾಳೆ. ನಿಮಗೆ ಯಾವ ಮನೆ ಬೇಕು?”

ತಂದ ಬೈಗುಳವನ್ನೆಲ್ಲ ಅಲ್ಲೇ ಬಿಟ್ಟೆ. ಉಮ್ಮನಿಂದ ಗುರುತು ಕೇಳಿಕೊಂಡು ಉಡುಪಿಗೆ ಬಂದು ಕಾರ್ಕಳದ ಬಸ್ಸು ಹಿಡಿದೆ. ಕುಕ್ಕುಂದೂರಿನ ಆ ಮನೆಯ ಜಗಲಿಯಲ್ಲಿ ಆಕೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದಳು. ನನ್ನ ಗುರುತು ಹತ್ತಿದ್ದೇ ತಡ, ಅವಳ ಮುಖ ಅರಳಿತು.

“ಬೂಟು ಆಯ್ತಾ ಅಕ್ಕ? ಕಾರ್ಡು ಮಲ್ಪೆಗೆ ಬರ್ತದೆ, ಅವರು ಇಲ್ಲಿಗೆ ಕಳಿಸ್ತಾರೆ ಅಂತ ದಿನಾ ಪೋಸ್ಟಿನವನನ್ನು ಕಾಯ್ತಾ ಇದ್ದೆ.”

ಕೊನೆಗೆ ಹಾಕಿದ್ದ ಪ್ಲಾಸ್ಟರ್ ಸಡಿಲಾಗಿ ಕಳಚಿ ಬಿದ್ದಿತ್ತು. ಪುಟ್ಟ ಪಾದ ಒಳಕ್ಕೆ ವಾಲತೊಡಗಿತ್ತು. ನನಗೆ ಅಳು ಬಂತು. ಅವಳ ಎದುರು ಅಳಲಿಲ್ಲ. ಮರುದಿನವೇ ಅವಳು ಉಡುಪಿಗೆ ಬಂದಳು. ಡಾಕ್ಟರು ಪಾದವನ್ನು ಹಿಡಿದು ನೋಡಿ, “ಇನ್ನೂ ಮೆತ್ತಗೆ ಉಂಟು, ಬಗ್ಗುತ್ತದೆ. ಮತ್ತೆ ಪ್ಲಾಸ್ಟರಿನಿಂದ ಶುರು ಮಾಡುವ” ಎಂದರು.

ಆ ಸಂಜೆ ತರಗತಿಯಲ್ಲಿ ನಾನು ಹಳೆಯ ಚಾರ್ಟಿನ ವಿಳಾಸವನ್ನು ಹೊಡೆದುಹಾಕಿ ಮೂರು ಉದ್ದ ಗೆರೆ ಎಳೆದೆ: ತವರು, ಗಂಡನ ಮನೆ, ಅಕ್ಕನ ಮನೆ. ಮೇಷ್ಟ್ರು ಬಗ್ಗಿ ನೋಡಿದರು.

“ಅಕ್ಕನೇ ಇಲ್ಲದವರು ಅಲ್ಲಿ ಏನು ಬರೀಬೇಕು ಮೇಡಂ? ನಾಲ್ಕನೇ ಮನೆಗೆ ಹೋದರೆ ಇನ್ನೊಂದು ಗೆರೆ ಎಳೀತೀರಾ?”

ತರಗತಿ ನಕ್ಕಿತು. ನನಗೆ ಸಿಟ್ಟು ನೆತ್ತಿಗೇರಿತು. “ನಗ್ಲಿಕ್ಕೆ ಎಂತ ಉಂಟು ಸರ್? ಒಂದು ದಿನ ನಮ್ಮ ಕೌಂಟರಿನಲ್ಲಿ ಕೂತು ನೋಡಿ!” ಎಂದು ಶುರು ಮಾಡಿ, ಮಗುವಿನ ಕಾಲಿನ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಮೇಷ್ಟ್ರು ಸೀಮೆಸುಣ್ಣವನ್ನು ನನ್ನ ಕೈಗಿಟ್ಟು ತಾವು ಬೆಂಚಿನ ಮೇಲೆ ಕೂತರು.

“ಮೊದಲ ಚಾರ್ಟಿಗೆ ಸರಿ ಗುರುತು ಹಾಕಿದವನೂ ನಾನೇ ಅಲ್ವಾ? ಈಗ ಸೇರಿ ಸರಿ ಮಾಡೋಣ. ವಿಳಾಸ ಯಾರದ್ದು, ರೋಗಿಯದ್ದೋ ಮನೆಯದ್ದೋ?”

“ಮನೆಯದ್ದು.”

“ರೋಗಿಗೂ ಮನೆಗೂ ಏನು ಸಂಬಂಧ?”

“ಅಲ್ಲಿ ಇರೂದು. ಆದರೆ ಅದು ಬದಲಾಗ್ತಾ ಇರ್ತದೆ.”

“ಹಾಗಾದರೆ ಅದನ್ನೇ ಬರೀರಿ.”

ಹಲಗೆಯ ಕಡೆ ತಿರುಗಿದೆ. ಕೈ ತಾನಾಗಿ ಓಡಿತು. ರೋಗಿಗೆ ಒಂದು ಟೇಬಲ್, ಮನೆಗೆ ಇನ್ನೊಂದು. ನಡುವೆ ಮೂರನೆಯದು, ‘ವಾಸ’: ಯಾವ ರೋಗಿ, ಯಾವ ಮನೆ, ಎಂದಿನಿಂದ, ಎಂದಿನವರೆಗೆ. ಮನೆ ಬದಲಾದರೆ ಹೊಸ ಗೆರೆ ಬೇಡ, ಕೆಳಗೆ ಒಂದು ಹೊಸ ಸಾಲು ಸಾಕು. ನಾಲ್ಕನೇ ಮನೆಗಾದರೂ ಹೋಗಲಿ, ಹತ್ತನೇ ಮನೆಗಾದರೂ ಹೋಗಲಿ!

“ಹಳೆಯ ಸಾಲನ್ನು ಅಳಿಸಿಬಿಡೋಣವೇ?” ಎಂದು ಮೇಷ್ಟ್ರು ಕೆಣಕಿದರು.

“ಬೇಡ ಸರ್. ಎರಡನೇ ಹೆರಿಗೆಗೆ ಪುನಃ ಕಾಪುವಿಗೇ ಬರ್ತಾಳೆ.”

ಈ ಸಲ ತರಗತಿಯ ಜೊತೆ ನಾನೂ ನಕ್ಕೆ. ಅಬ್ಬ, ಆ ಹೊತ್ತಿನ ಖುಷಿ! ಮೂರು ಚೌಕ, ಅವನ್ನು ಜೋಡಿಸುವ ಎರಡು ಗೆರೆ, ಅಷ್ಟೇ. ಅದರೊಳಗೆ ನಮ್ಮ ಊರಿನ ಹೆಣ್ಣುಮಕ್ಕಳ ಓಡಾಟವೆಲ್ಲ ಹಿಡಿಯುತ್ತಿತ್ತು.

ನಮ್ಮ ಆಸ್ಪತ್ರೆಗೆ ಕಂಪ್ಯೂಟರ್ ಬಂದಾಗ ಅದರೊಳಗೆ ಹೋದದ್ದು ನನ್ನ ಆ ವಿನ್ಯಾಸವೇ. ಕೌಂಟರಿನಲ್ಲಿ ಸಾಲು ಉದ್ದವಾಗುತ್ತದೆ ಎಂದು ಮೇಲಿನವರು ಗೊಣಗಿದರು. ಆಗಲಿ ಎಂದೆ. ಯಾರೇ ಬರಲಿ, ಹೆಸರಾದ ಮೇಲೆ ನಮ್ಮ ಮೊದಲ ಪ್ರಶ್ನೆ ಅದೇ: ಈಗ ಯಾವ ಮನೆಯಲ್ಲಿದ್ದೀರಿ?

ಕೆಲವು ವರ್ಷ ಕಳೆದಿತ್ತು. ಒಂದು ದಿನ ಕೌಂಟರಿನ ಕೆಳಗಿನ ಹಲಗೆಗೆ ಯಾರೋ ಧಡಧಡ ಒದೆಯುತ್ತಿದ್ದರು. ನನ್ನ ಬುದ್ಧಿ ಗೊತ್ತಲ್ಲ, “ಯಾರದು? ಕಾಲು ಮುರೀತೇನೆ ನೋಡು!” ಎಂದು ಎದ್ದು ಬಗ್ಗಿದೆ. ಎರಡು ಜಡೆಯ ಒಂದು ಪುಟ್ಟ ಹುಡುಗಿ ನನ್ನನ್ನೇ ದುರುಗುಟ್ಟಿ ನೋಡಿದಳು. ಅವಳ ಹಿಂದೆ, ತುಂಬು ಬಸುರಿ, ಆ ತಾಯಿ.

“ಎರಡನೇದು ಅಕ್ಕ, ಪುನಃ ಕಾಪುವಿನಲ್ಲೇ ಇದ್ದೇನೆ” ಎಂದು ನಾನು ಕೇಳುವ ಮೊದಲೇ ಹೇಳಿದಳು. ಆಮೇಲೆ ಮಗಳನ್ನು ಹಿಂದಕ್ಕೆ ಎಳೆಯುತ್ತಾ, “ಒದೀಬೇಡ ಅಂದರೆ ಕೇಳೂದೇ ಇಲ್ಲ. ಅದೂ ಆ ಕಾಲಿನಲ್ಲೇ” ಎಂದಳು.

ನಾನು ನೋಡಿದೆ. ಬಲಗಾಲು. ನೆಟ್ಟಗೆ, ಗಟ್ಟಿಯಾಗಿ ನೆಲಕ್ಕೆ ಊರಿತ್ತು.

“ಬಿಡು ಅವಳನ್ನು” ಎಂದೆ. “ಒದಿ ಮಾರಾಯ್ತಿ, ಇನ್ನೊಂದು ಒದಿ!”