ಚಹಾ ಕುಡಿದ ಹಲ್ಲು

ಸೋಡಾ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ಕೀಳುವುದರಲ್ಲಿ ಕೊಟ್ಟೂರಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಐವತ್ತು ದಾಟಿದ ಮೇಲೂ ಆ ಜಂಬ ಇಳಿದಿರಲಿಲ್ಲ. ಒಂದು ಮದುವೆ ಮನೆಯಲ್ಲಿ ಹುಡುಗರೆದುರು ಕೀಳಲು ಹೋದೆ. ಮುಚ್ಚಳದ ಜತೆ ಮುಂದಿನ ಹಲ್ಲಿನ ಮೂಲೆಯೂ ಬಂತು. ಹಗರಿಬೊಮ್ಮನಹಳ್ಳಿಯ ಹಲ್ಲಿನ ಡಾಕ್ಟರು ಹಲ್ಲಿನದೇ ಬಣ್ಣದ ಸಿಮೆಂಟ್ ತುಂಬಿ, ಮುರಿದ ಗುರುತೇ ಕಾಣದಂತೆ ಮಾಡಿದರು. ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಓಣಿಯಲ್ಲಿ ಅಂಥ ಹಲ್ಲು ನನ್ನದೇ ಮೊದಲು. ಅಸಲಿ ಯಾವುದು, ನಕಲಿ ಯಾವುದು ಹೇಳಿ ಎಂದು ಕಂಡಕಂಡವರಿಗೆಲ್ಲ ಬಾಯಿ ತೆರೆದು ತೋರಿಸಿದೆ.

ಅದೇ ವರ್ಷ ನನ್ನ ಹೆಂಡತಿಯ ಅಣ್ಣನಿಗೆ ತಂಬಾಕಿನಿಂದ ಬಾಯಲ್ಲಿ ಹುಣ್ಣಾಗಿ, ದವಡೆಯ ಒಂದು ಭಾಗವನ್ನೇ ತೆಗೆದರು. ಆಸ್ಪತ್ರೆಯಿಂದ ಬಂದವಳು ನನ್ನ ಎಲೆಯಡಿಕೆ ಚೀಲವನ್ನು ಎದುರಿಗಿಟ್ಟಳು. ಬೈಯಲಿಲ್ಲ. ಉಜ್ಜಿನಿಗೆ ಹೋಗಿ ಸ್ವಾಮಿಯ ಮುಂದೆ ಕೈಮುಗಿದು ಎಲೆ, ಅಡಿಕೆ, ತಂಬಾಕು ಮೂರನ್ನೂ ಬಿಟ್ಟೆ. ನಿಜವಾಗಿ ಬಿಟ್ಟೆ.

ಬಾಯಿ ಸುಮ್ಮನಿರಬೇಕಲ್ಲ, ಹೊತ್ತುಹೊತ್ತಿಗೂ ಕಡಕ್ ಚಹಾ ಶುರುವಾಯಿತು. ಕೆಲವು ತಿಂಗಳಲ್ಲಿ ತುಂಬಿಸಿದ ಮೂಲೆ ಕಂದಾಯಿತು.

"ಏನ್ರಿ ಅದು, ಹಲ್ಲಾಗ?" ಎಂದಳು ಹೆಂಡತಿ.

"ಚಾದ ಕಲಿ ಐತಿ ಅದು."

"ಚಾ ನಾನೂ ಕುಡೀತೀನಿ."

ಕದ್ದು ಎಲೆಯಡಿಕೆ ಹಾಕುತ್ತೇನೆಂಬ ಅವಳ ಅನುಮಾನ ತಪ್ಪೆನ್ನುವಂತಿರಲಿಲ್ಲ. ಬೀಗರ ಎಲೆಗೆ ಸುಣ್ಣದ ಬದಲು ಅಕ್ಕಿಹಿಟ್ಟು ಸವರಿಕೊಟ್ಟು, ಎಷ್ಟು ಅಗಿದರೂ ಬಾಯಿ ಕೆಂಪಾಗದೆ ಅವರು ನಾಲಿಗೆ ಚಾಚಿ ಚಾಚಿ ನೋಡಿಕೊಂಡಾಗ ಮುಗ್ಧನಂತೆ ನಿಂತಿದ್ದವನು ನಾನು. ಅಂಥವನು ಒಮ್ಮೆ ನಿಜ ಹೇಳಿದರೆ ಯಾರು ನಂಬುತ್ತಾರೆ?

ಕಲೆ ಹೋದರೆ ಅನುಮಾನವೂ ಹೋಗುತ್ತದೆಂದು ಇದ್ದಿಲು, ಉಪ್ಪು ಹಾಕಿ ದಿನಾ ತಿಕ್ಕಿದೆ. ಅಸಲಿ ಹಲ್ಲುಗಳು ಹೊಳೆದವು. ನಕಲಿ ಮೂಲೆ ಇನ್ನೂ ಕಪ್ಪಾಯಿತು. ಕದ್ದು ತಿಂದು ತಿಕ್ಕಿಕೊಳ್ಳುತ್ತಿದ್ದೇನೆಂದು ಅವಳಿಗೆ ಖಾತ್ರಿಯಾಯಿತು. ನಾನು ಅಂಗಿ ಕಳಚಿದರೆ ಜೇಬು ಮೂಸುತ್ತಿದ್ದಳು.

ಕೊನೆಗೆ ಅವಳನ್ನೇ ಡಾಕ್ಟರ ಹತ್ತಿರ ಕರೆದೊಯ್ದೆ.

"ಈ ಸಿಮೆಂಟು ಬಣ್ಣ ಹೀರ್ತೈತ್ರಿ ಅಮ್ಮಾ. ಚಾ ಆಗ್ಲಿ, ಅರಿಶಿಣ ಆಗ್ಲಿ, ಎಲಿ-ಅಡಿಕಿ ಆಗ್ಲಿ. ಇವರು ಇದ್ದಿಲು ತಿಕ್ಕಿ ಒರಟು ಮಾಡ್ಯಾರ, ಅದಕ್ಕ ಇನ್ನೂ ಜಾಸ್ತಿ ಹಿಡದೈತಿ," ಎಂದು ಡಾಕ್ಟರು ಉಜ್ಜಿ ಪಾಲಿಶ್ ಮಾಡಿದರು. ಮೂಲೆ ಮತ್ತೆ ಬೆಳ್ಳಗಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಮೆಲ್ಲಗೆ ಕೇಳಿದಳು, "ಡಾಕ್ಟರಿಗೆ ಮದ್ಲೇ ಹೇಳಿಕೊಟ್ಟಿದ್ರೇನು?"

ಮೊದಲು ನಗು ಬಂತು. ಆಮೇಲೆ ಅವಳ ಮುಖ ನೋಡಿದೆ. ಅಣ್ಣನ ದವಡೆ ಅವಳ ಕಣ್ಣಲ್ಲೇ ಇತ್ತು.

"ಹಂಗಾದ್ರ ನನ್ನ ಚಾ ಬಂದ್ ಮಾಡು. ಆಮ್ಯಾಲೂ ಕಲಿ ಬಂದ್ರ ನಾ ಸುಳ್ಳ," ಎಂದೆ.

ಬಂದ್ ಮಾಡಿದಳು. ಸಾರಿಗೆ ಅರಿಶಿಣ ಹಾಕುವುದನ್ನೂ ನಿಲ್ಲಿಸಿದಳು. ನೆಂಟರು ಚಹಾ ಹೀರುವಾಗ ನಾನು ಮಗುವಿನಂತೆ ಹಾಲು ಕುಡಿದೆ. ಅಮಾವಾಸ್ಯೆ ಬಂತೆಂದರೆ ಬಾಗಿಲ ಬಿಸಿಲಿಗೆ ನಿಲ್ಲಿಸಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ತುಟಿ ಎತ್ತಿ ನೋಡುತ್ತಿದ್ದಳು. ಮೂಲೆ ಬೆಳ್ಳಗೇ ಇತ್ತು.

ಒಂದು ಸಂಜೆ ನಾನು ಕೇಳದೆಯೇ ಒಂದು ಕಪ್ ತಂದಿಟ್ಟಳು. ಕಡಕ್ ಚಹಾ.

"ಮತ್ತ ಕಲಿ ಬೀಳ್ತೈತಲ್ಲ?"

"ಬೀಳ್ಲಿ ಬಿಡ್ರಿ," ಎಂದು ತನ್ನ ಕಪ್ ಹಿಡಿದು ಪಕ್ಕದಲ್ಲೇ ಕುಳಿತಳು.

ಮೂಲೆ ಮತ್ತೆ ಕಂದಾಯಿತು. ಜೇಬು ಮೂಸುವುದು ಮಾತ್ರ ಅಲ್ಲಿಗೇ ನಿಂತಿತು.